ಯಾವ ಡಾಕ್ಟರು?

ಡಿಸ್ಚಾರ್ಜಿನ ದಿನ ಸಿಸ್ಟರ್ ಒಂದು ಅಭಿಪ್ರಾಯದ ಫಾರಂ ಕೊಟ್ಟರು. ವೈದ್ಯರು ಕಾಯಿಲೆಯ ಬಗ್ಗೆ ಸರಿಯಾಗಿ ವಿವರಿಸಿದರೇ ಎಂಬ ಪ್ರಶ್ನೆಯನ್ನು ಓದಿ ಹೇಳಿದಾಗ ಅಪ್ಪ, "ಯಾವ ಡಾಕ್ಟರು?" ಎಂದು ಕೇಳಿದರು. 23 ದಿನಗಳಲ್ಲಿ ಅವರ ಮಂಚದ ಬಳಿಗೆ ಮೂವರು ಹೌಸ್ ಸರ್ಜನ್‌ಗಳು, ಅಂದರೆ ಇಂಟರ್ನ್‌ಶಿಪ್‌ನಲ್ಲಿರುವ ಯುವ ವೈದ್ಯರು, ಬಂದು ಹೋಗಿದ್ದರು.

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಕಡೆಯ ನಾವು ಕಾಯಿಲೆ ಜೋರಾದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರು. 2020ರಲ್ಲಿ ಕೊರೊನಾದಿಂದಾಗಿ ಆ ಗಡಿಯಲ್ಲಿ ರಸ್ತೆ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಉಲ್ಬಣಿಸಿದ್ದ ಅಪ್ಪನನ್ನೂ ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು.

ಮೊದಲು ನೋಡಿಕೊಂಡ ಯುವ ವೈದ್ಯೆ ಎರಡನೆಯ ದಿನವೇ ಅಪ್ಪನಿಗೆ ಎಡಗಿವಿ ಕೇಳಿಸದೆಂದು ಕಂಡುಕೊಂಡು, ಅಂದಿನಿಂದ ಮಂಚದ ಬಲಗಡೆಗೆ ಬಂದು ಬಾಗಿ ಮಾತಾಡುತ್ತಿದ್ದರು. ಡ್ರೆಸ್ಸಿಂಗ್ ಬಿಚ್ಚುವ ಮೊದಲು "ಈಗ ಸ್ವಲ್ಪ ಉರಿಯುತ್ತದೆ, ಅಜ್ಜ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ಬದಲು ಬಂದ ಹುಡುಗ ಎಡಗಡೆ ನಿಂತು ಪ್ರಶ್ನೆ ಕೇಳಿದ. ಉತ್ತರ ಬರಲಿಲ್ಲ. ಕೇಸ್ ಶೀಟಿನಲ್ಲಿ ಏನೋ ಬರೆದು ಮುಂದಿನ ಮಂಚಕ್ಕೆ ಹೋದ. ಮದ್ದು, ಇಂಜೆಕ್ಷನ್, ಡ್ರೆಸ್ಸಿಂಗ್ ಯಾವುದರಲ್ಲೂ ವ್ಯತ್ಯಾಸವಾಗಲಿಲ್ಲ. ಆದರೂ ಅಪ್ಪ ಆ ದಿನ ಗಂಜಿ ಮುಟ್ಟದೆ, "ಆ ಮಗು ಹೇಳದೆ ಹೋಯಿತಲ್ಲ" ಎಂದು ಮೊದಲಿನ ವೈದ್ಯೆಯನ್ನು ನೆನೆದು ಕೊರಗಿದರು.

ನಾನು ಆ ಹುಡುಗನನ್ನು ದೂರುವುದಿಲ್ಲ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಕೆಲವು ವಾರಗಳಿಗೊಮ್ಮೆ ವಿಭಾಗದಿಂದ ವಿಭಾಗಕ್ಕೆ ಹೋಗಲೇಬೇಕು. ಎಲ್ಲ ಬಗೆಯ ರೋಗಿಗಳನ್ನು ನೋಡದೆ ಕಲಿಕೆ ಪೂರ್ಣವಾಗದು. ಆದರೆ ಬದಲಾವಣೆಗೆ ಬೆಲೆಯುಂಟು. ಇಂಗ್ಲೆಂಡಿನಲ್ಲಿ ಕಿರಿಯ ವೈದ್ಯರು ಆಗಸ್ಟ್ ತಿಂಗಳ ಮೊದಲ ಬುಧವಾರ ಒಟ್ಟಿಗೇ ಬದಲಾಗುತ್ತಾರೆ; ಅಂದು ತುರ್ತಾಗಿ ದಾಖಲಾದವರಲ್ಲಿ ಸಾವಿನ ಸಂಭವವು ಜುಲೈ ಕೊನೆಯ ಬುಧವಾರ ದಾಖಲಾದವರಿಗಿಂತ ಸುಮಾರು ಶೇ. 6ರಷ್ಟು ಹೆಚ್ಚೆಂದು 2009ರ ಅಧ್ಯಯನವೊಂದು ಹೇಳಿತು. ಇನ್ನೊಂದೆಡೆ, ಉತ್ತರ ಅಮೆರಿಕದ 9 ಮಕ್ಕಳ ಆಸ್ಪತ್ರೆಗಳಲ್ಲಿ ತರಬೇತಿ ವೈದ್ಯರು ಪಾಳಿ ಬದಲಾಗುವಾಗ ರೋಗಿಯ ವಿವರವನ್ನು ಕ್ರಮಬದ್ಧವಾಗಿ ಒಪ್ಪಿಸಲು ಕಲಿತ ಮೇಲೆ ತಪ್ಪುಗಳು ಶೇ. 23ರಷ್ಟು ಇಳಿದವೆಂದು 2014ರಲ್ಲಿ ಪ್ರಕಟವಾಯಿತು.

ಹಾಗೆ ಒಪ್ಪಿಸುವುದು ರೋಗಿಯ ಎದುರಿನಲ್ಲೇ ನಡೆಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. "ಅಜ್ಜ, ನಾಳೆಯಿಂದ ಇವರು ನೋಡಿಕೊಳ್ಳುತ್ತಾರೆ" ಎನ್ನಲು ಅರ್ಧ ನಿಮಿಷ ಸಾಕು. ಗಡಿಯಾಚೆಯಿಂದ ಬಂದು ತುಳು, ಕನ್ನಡ ಬಿಟ್ಟು ಬೇರೆ ಮಾತು ಬಾರದ ಹಿರಿಯರಿಗೆ ಪರಿಚಯದ ಮುಖವೊಂದೇ ಅಲ್ಲಿನ ಆಸರೆ. ರಕ್ತದ ಸಕ್ಕರೆ ಎಷ್ಟೆಂಬುದು ಕೇಸ್ ಶೀಟಿನಲ್ಲಿ ಇರುತ್ತದೆ, ಯಾವ ಕಿವಿ ಕೇಳಿಸುತ್ತದೆಂಬುದು ಇರುವುದಿಲ್ಲ.

ಆ ಹುಡುಗ ಬಂದ ದಿನದ ಸಂಜೆ ನಾನು ಒಂದು ಹಾಳೆಯಲ್ಲಿ "ಬಲಗಡೆ ನಿಂತು ಮಾತಾಡಿ, ಎಡಗಿವಿ ಕೇಳಿಸದು" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದೆ. ಸಿಸ್ಟರ್ ಪ್ಲಾಸ್ಟರ್ ಹರಿದು ಕೊಟ್ಟು, ಮಂಚದ ತಲೆಯ ಕಡೆ ಅಂಟಿಸಲು ನೆರವಾದರು. ಮೂರನೆಯವರು ಬಂದ ದಿನ ಮೊದಲು ಅದನ್ನು ಓದಿದರು. ಮಂಚವನ್ನು ಸುತ್ತಿ ಬಲಗಡೆಗೆ ಬಂದು, ಸ್ಟೂಲ್ ಎಳೆದುಕೊಂಡು ಕುಳಿತರು.