ಮಿಲಾನ್ ಪೀಠೋಪಕರಣ ಮೇಳಕ್ಕೆ ಹೊರಡುವವರಿಗೆ

ಬೆಂಗಳೂರಿನಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವ ನನಗೆ ಹಲವು ವರ್ಷಗಳಿಂದ ಒಂದು ಕೊರಗು ಕಾಡುತ್ತಿತ್ತು. ಮನೆ ಕಟ್ಟಿಸುವವರು ಮರ, ಕಲ್ಲು, ಬಟ್ಟೆಗಳನ್ನು ಹತ್ತು ಅಂಗಡಿ ಸುತ್ತಿ ಆರಿಸುತ್ತಾರೆ. ದೀಪದ ಮಾತು ಬಂದಾಗ ಮಾತ್ರ ಫಾಲ್ಸ್ ಸೀಲಿಂಗ್‌ನಲ್ಲಿ ಸಾಲಾಗಿ ಕೂರುವ ಬಿಳಿ ಬಲ್ಬುಗಳಿಗೇ ಬಂದು ನಿಲ್ಲುತ್ತಾರೆ. ಅಂಥ ಮನೆಗೆ ಸಂಜೆ ಏಳರ ಮೇಲೆ ಹೋದರೆ ತೇಗದ ಮರವೂ ಬಣ್ಣಗೆಟ್ಟು ಕಾಣುತ್ತದೆ, ಕುಳಿತವರ ಮುಖವೂ ಕಳೆಗುಂದಿ ಕಾಣುತ್ತದೆ. ಇದಕ್ಕೊಂದು ದಾರಿ ಹುಡುಕಬೇಕೆಂಬ ಉದ್ದೇಶವೊಂದನ್ನೇ ಇಟ್ಟುಕೊಂಡು, 2025ರ ಏಪ್ರಿಲ್ 8ರಿಂದ 13ರವರೆಗೆ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಸಲೋನೆ ದೆಲ್ ಮೊಬಿಲೆ ಎಂಬ ಪೀಠೋಪಕರಣ ಮೇಳಕ್ಕೆ ಹೋಗಿ ಬಂದೆ. ಮುಂದೆ ಹೋಗಲಿರುವವರಿಗೆ ನೆರವಾಗಲೆಂದು ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ಯಾವ ವರ್ಷ ಹೋಗಬೇಕೆಂಬುದನ್ನು ತೀರ್ಮಾನಿಸಿಕೊಳ್ಳಬೇಕು. 1961ರಲ್ಲಿ ಆರಂಭವಾದ ಈ ಮೇಳ ಈಗ ಪ್ರತಿವರ್ಷ ಏಪ್ರಿಲ್‌ನಲ್ಲಿ ನಡೆಯುತ್ತದೆಯಾದರೂ ಅದರ ಒಂದು ಭಾಗ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬೆಸ ಸಂಖ್ಯೆಯ ವರ್ಷಗಳಲ್ಲಿ ದೀಪಗಳಿಗೆ ಮೀಸಲಾದ ಯೂರೋಲೂಚೆ, ಸಮ ಸಂಖ್ಯೆಯ ವರ್ಷಗಳಲ್ಲಿ ಅಡುಗೆಮನೆಯ ಯೂರೋಕುಚೀನಾ ಮತ್ತು ಸ್ನಾನಗೃಹದ ಪ್ರದರ್ಶನ ಅದರೊಂದಿಗೆ ಸೇರಿಕೊಳ್ಳುತ್ತವೆ. ಮಾಡ್ಯುಲರ್ ಅಡುಗೆಮನೆಯ ಕೆಲಸವೇ ಹೆಚ್ಚಿರುವವರು ಏಪ್ರಿಲ್ 21ರಿಂದ 26ರವರೆಗೆ ನಿಗದಿಯಾಗಿರುವ 2026ರ ಮೇಳವನ್ನು ಆರಿಸಿಕೊಳ್ಳುವುದು ಸರಿ. ಬೆಳಕಿಗಾಗಿ ಹೋಗುವವರು 2027ರವರೆಗೆ ಕಾಯಲೇಬೇಕು. ಇಷ್ಟು ಖರ್ಚು ಮಾಡಿ ಹೋದ ಮೇಲೆ ತಮಗೆ ಬೇಕಾದ ವಿಭಾಗವೇ ಆ ವರ್ಷ ಇಲ್ಲವೆಂದು ತಿಳಿಯುವುದು ಬಹಳ ನೋವಿನ ಸಂಗತಿ. ಅಂಥ ಒಬ್ಬರನ್ನು ನಾನು ಬಲ್ಲೆ.

ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಏಪ್ರಿಲ್ ಪ್ರಯಾಣಕ್ಕೆ ಜನವರಿಯಲ್ಲೇ ಭೇಟಿಯ ದಿನ ಗೊತ್ತುಮಾಡಿಕೊಳ್ಳಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವ್ಯಾಪಾರ ವೀಸಾ ಬಯಸುವವರು ಮೇಳದ ಟಿಕೆಟ್ಟನ್ನೂ ಆಹ್ವಾನ ಪತ್ರವನ್ನೂ ಅರ್ಜಿಯ ಜೊತೆಗೆ ಲಗತ್ತಿಸಬೇಕು. ಬೆಂಗಳೂರಿನಿಂದ ನೇರ ವಿಮಾನವಿರಲಿಲ್ಲವಾದ್ದರಿಂದ ಕೊಲ್ಲಿಯ ನಗರವೊಂದರಲ್ಲಿ ವಿಮಾನ ಬದಲಿಸಿ ಮಿಲಾನ್‌ನ ಮಾಲ್ಪೆನ್ಸಾ ವಿಮಾನ ನಿಲ್ದಾಣದಲ್ಲಿ ಇಳಿದೆ. ಅಲ್ಲಿಂದ ಮಾಲ್ಪೆನ್ಸಾ ಎಕ್ಸ್‌ಪ್ರೆಸ್ ರೈಲು ಸುಮಾರು ಮುಕ್ಕಾಲು ಗಂಟೆಯಲ್ಲಿ ಊರೊಳಗೆ ತಂದು ಬಿಡುತ್ತದೆ, ಟ್ಯಾಕ್ಸಿಯ ಅಗತ್ಯವಿಲ್ಲ.

ವಾಸದ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಮೇಳದ ವಾರದಲ್ಲಿ ಮಿಲಾನ್‌ನ ಹೋಟೆಲ್ ದರಗಳು ಹಲವು ಪಟ್ಟು ಏರುತ್ತವೆಂದು ತಿಳಿದಿದ್ದರೂ ಫೆಬ್ರವರಿಯವರೆಗೆ ಕಾದೆ. ಕೊನೆಗೆ ಸಿಕ್ಕ ಕೋಣೆ ನಗರದ ದಕ್ಷಿಣದ ಅಂಚಿನಲ್ಲಿತ್ತು, ದಿನಕ್ಕೆ ಎರಡೂವರೆ ಗಂಟೆ ಓಡಾಟದಲ್ಲೇ ಕಳೆಯಿತು. ಪ್ರದರ್ಶನ ನಡೆಯುವ ರೋ ಎಂಬ ಸ್ಥಳ ನಗರದ ವಾಯವ್ಯಕ್ಕಿದೆ, ಕೆಂಪು ಮೆಟ್ರೋ ಮಾರ್ಗದ ಕೊನೆಯ ನಿಲ್ದಾಣ. ಆದ್ದರಿಂದ ಆ ಮಾರ್ಗದ ಯಾವುದಾದರೂ ನಿಲ್ದಾಣದ ಬಳಿ, ಅದು ದುಬಾರಿಯೆನಿಸಿದರೆ ಮಿಲಾನ್ ಬಿಟ್ಟು ನೊವಾರಾ ಪಟ್ಟಣದಲ್ಲಿ ಉಳಿದುಕೊಳ್ಳಬಹುದು. ನೊವಾರಾದಿಂದ ಬರುವ ಸ್ಥಳೀಯ ರೈಲುಗಳು ಪ್ರದರ್ಶನಾಂಗಣದ ಪಕ್ಕದ ರೋ ಫಿಯೆರಾ ನಿಲ್ದಾಣದಲ್ಲಿ ನಿಲ್ಲುತ್ತವೆ. ನಗರದ ಸಾಮಾನ್ಯ ಮೆಟ್ರೋ ಟಿಕೆಟ್ ರೋವರೆಗೆ ಸಲ್ಲುವುದಿಲ್ಲ, ಮುಂದಿನ ವಲಯದ ಟಿಕೆಟ್ಟನ್ನೇ ಕೇಳಿ ಪಡೆಯಬೇಕು. ಸಂಜೆ ಆರೂವರೆಗೆ ಬಾಗಿಲು ಮುಚ್ಚಿದಾಗ ಮೆಟ್ರೋದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಪಕ್ಕದ ರೈಲು ನಿಲ್ದಾಣದಿಂದ ನಗರದೊಳಗಿನ ಪೋರ್ತಾ ಗರಿಬಾಲ್ದಿ ನಿಲ್ದಾಣದ ಕಡೆಗೆ ಹೋಗುವ ಉಪನಗರ ರೈಲು ಹಿಡಿಯುವುದು ಜಾಣತನ. ಮೇಳದ ಟಿಕೆಟ್ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಮೊದಲೇ ಕೊಂಡರೆ ಅಗ್ಗ. ವೃತ್ತಿನಿರತರಿಗೆ ಆರೂ ದಿನ ಪ್ರವೇಶವಿದೆ, ಸಾರ್ವಜನಿಕರಿಗೆ ಶನಿವಾರ ಮತ್ತು ಭಾನುವಾರ ಮಾತ್ರ. ಹಾಗಾಗಿ ಕಂಪನಿಗಳವರೊಂದಿಗೆ ನಿಧಾನವಾಗಿ ಮಾತನಾಡಬೇಕೆಂದಿದ್ದರೆ ಶುಕ್ರವಾರದೊಳಗೆ ಆ ಕೆಲಸ ಮುಗಿಸಿ.

ವಾಸ್ತುಶಿಲ್ಪಿ ಮಾಸ್ಸಿಮಿಲಿಯಾನೋ ಫುಕ್ಸಾಸ್ ವಿನ್ಯಾಸಗೊಳಿಸಿದ, 2005ರಲ್ಲಿ ತೆರೆದ ಈ ಪ್ರದರ್ಶನಾಂಗಣದ ನಡುವೆ ಗಾಜು ಮತ್ತು ಉಕ್ಕಿನ ಅಲೆಯಂಥ ಚಾವಣಿಯೊಂದು ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿದೆ, ಅದರ ಎರಡೂ ಬದಿಗೆ ವಿಶಾಲವಾದ ಸಭಾಂಗಣಗಳಿವೆ. ಎರಡು ಸಾವಿರಕ್ಕೂ ಹೆಚ್ಚು ಪ್ರದರ್ಶಕರಿರುವ ಇಲ್ಲಿ ಎಲ್ಲವನ್ನೂ ನೋಡುವ ಆಸೆ ಬಿಡಬೇಕು. ನಾನು ಮೊದಲ ದಿನ ಸಿಕ್ಕಿದ ಮಳಿಗೆಗಳನ್ನೆಲ್ಲ ಹೊಕ್ಕು, ಸಂಜೆಗೆ ಯಾವ ಕುರ್ಚಿ ಎಲ್ಲಿ ಕಂಡೆನೆಂಬುದೂ ನೆನಪಿಲ್ಲದೆ ಮರಳಿದೆ. ಎರಡನೆಯ ದಿನದಿಂದ ಬೆಳಿಗ್ಗೆ ಎರಡು ಸಭಾಂಗಣ, ಮಧ್ಯಾಹ್ನ ಒಂದು ಎಂದು ನಿಗದಿ ಮಾಡಿಕೊಂಡು, ಪ್ರತಿ ಮಳಿಗೆಯಲ್ಲಿ ಒಂದೇ ವಸ್ತುವಿನ ಮುಂದೆ ಹತ್ತು ನಿಮಿಷ ನಿಲ್ಲುವ ಪದ್ಧತಿ ಇಟ್ಟುಕೊಂಡ ಮೇಲೆ ಕಣ್ಣಿಗೆ ಏನಾದರೂ ದಕ್ಕತೊಡಗಿತು.

ಯೂರೋಲೂಚೆಯಲ್ಲಿ ಆ ವರ್ಷ 300ಕ್ಕೂ ಹೆಚ್ಚು ಪ್ರದರ್ಶಕರಿದ್ದರು. ಅಲ್ಲಿ ನಾನು ಕಂಡ ದೊಡ್ಡ ಬದಲಾವಣೆ ದೀಪದ ಆಕಾರದ್ದಲ್ಲ, ದೀಪ ಇರುವ ಎತ್ತರದ್ದು. ಬೆಳಕು ಚಾವಣಿಯಿಂದ ಕೆಳಗಿಳಿದು ಬಂದಿದೆ: ಮೇಜಿನ ಮೇಲೆ, ಸೋಫಾದ ಪಕ್ಕದ ನೆಲದ ಮೇಲೆ, ಗೋಡೆಯ ಬುಡದಲ್ಲಿ, ಕಪಾಟಿನ ಅಂಚಿನಲ್ಲಿ. ತಂತಿಯಿಲ್ಲದೆ ರೀಚಾರ್ಜ್ ಮಾಡಿ ಕೈಯಲ್ಲಿ ಎತ್ತಿಕೊಂಡು ಹೋಗುವ ಪುಟ್ಟ ದೀಪಗಳು ಬಹುಪಾಲು ಮಳಿಗೆಗಳಲ್ಲಿದ್ದವು. ಅವುಗಳನ್ನು ಕಂಡಾಗ ಅಜ್ಜಿಮನೆಯಲ್ಲಿ ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದ ಲಾಟೀನು ನೆನಪಾಯಿತು. ಬೆಳಕಿನ ಮೂಲವನ್ನು ಕಣ್ಣಿಗೆ ಬೀಳದಂತೆ ಮರೆಮಾಡಿ, ಊದಿದ ಗಾಜು, ಕಾಗದ, ಬಟ್ಟೆ, ತೆಳುವಾಗಿ ಸೀಳಿದ ಕಲ್ಲುಗಳ ಮೂಲಕ ಅದನ್ನು ಸೋಸಿ ಕೊಡುವುದು ಎರಡನೆಯ ಸಂಗತಿ. ಮನೆಗೆಂದು ತಯಾರಾದ ದೀಪಗಳಲ್ಲಿ ಹೆಚ್ಚಿನವು 2700ರಿಂದ 3000 ಕೆಲ್ವಿನ್‌ನ ಬೆಚ್ಚನೆಯ ಬೆಳಕಿನವು. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿಯತ್ತ ತಿರುಗುತ್ತದೆ. ನಮ್ಮಲ್ಲಿ ಕೂಲ್ ಡೇಲೈಟ್ ಹೆಸರಿನಲ್ಲಿ ಮಾರುವ 6500 ಕೆಲ್ವಿನ್‌ನ ನೀಲಿಬಿಳಿ ಬೆಳಕು ವಾಸದ ಕೋಣೆಯ ಮಾದರಿಗಳಲ್ಲಿ ನನಗೆ ಒಂದೆಡೆಯೂ ಕಾಣಲಿಲ್ಲ. ಯಾವ ದೀಪದ ಮುಂದೆ ನಿಂತರೂ ಮೂರು ಪ್ರಶ್ನೆ ಕೇಳಿ: ವಸ್ತುಗಳ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ನೂರಕ್ಕೆ ಅಳೆಯುವ ಸಿ.ಆರ್.ಐ. ಅಂಕ 90ಕ್ಕಿಂತ ಹೆಚ್ಚಿದೆಯೇ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್‌ಗೆ ಹೊಂದುತ್ತದೆಯೇ, ಎಲ್‌ಇಡಿ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದೇ? ಮೂರನೆಯದಕ್ಕೆ ಸ್ಪಷ್ಟ ಉತ್ತರ ಕೊಡದವರ ದೀಪ ಎಷ್ಟೇ ಚೆಲುವಾಗಿದ್ದರೂ ಅದನ್ನು ಗಿರಾಕಿಗೆ ಸೂಚಿಸಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲೇ ಜಪಾನಿನ ವಾಸ್ತುಶಿಲ್ಪಿ ಸೌ ಫುಜಿಮೋಟೊ ರೂಪಿಸಿದ ವೇದಿಕೆಯಲ್ಲಿ ಬೆಳಕಿನ ಕುರಿತು ಎರಡು ದಿನದ ವಿಚಾರಗೋಷ್ಠಿ ನಡೆಯಿತು. ಮಳಿಗೆಗಳನ್ನು ಬಿಟ್ಟು ಒಂದು ಮಧ್ಯಾಹ್ನವನ್ನು ಅಲ್ಲಿ ಕಳೆದದ್ದು ನನಗೆ ಬಹಳ ಉಪಯುಕ್ತವಾಯಿತು.

ಪೀಠೋಪಕರಣಗಳಲ್ಲಿ ಬೂದು ಬಣ್ಣದ ಕಾಲ ಮುಗಿಯುತ್ತಿದೆ. ಚಾಕೊಲೇಟ್ ಕಂದು, ದ್ರಾಕ್ಷಾರಸದ ಕೆಂಪು, ಪಾಚಿ ಹಸಿರು ಎಲ್ಲೆಡೆ ಕಂಡವು. ಸೋಫಾಗಳು ತಗ್ಗಾಗಿ, ಅಗಲವಾಗಿ, ಮೂಲೆಗಳೆಲ್ಲ ಬಾಗಿ ಬಂದಿವೆ. ದೊಡ್ಡ ಸಭಾಂಗಣದಲ್ಲಿ ಚೆನ್ನಾಗಿ ಕಾಣುವ ಅವು ನಮ್ಮ ಹತ್ತಡಿ ಅಗಲದ ಹಾಲಿಗೆ ಹೊಂದುವುದಿಲ್ಲವಾದ್ದರಿಂದ ಅಳತೆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಬೇಕು. ಆಸನದ ಎತ್ತರವನ್ನು ಅಳೆದು ನೋಡಿ. ಮಂಡಿನೋವಿರುವ ಹಿರಿಯರಿರುವ ಮನೆಗೆ ಮೂವತ್ತೈದು ಸೆಂಟಿಮೀಟರ್ ಎತ್ತರದ ಆಸನ ಖಂಡಿತ ಸಲ್ಲದು. ಹೊಳೆಯುವ ಲ್ಯಾಕರ್ ಲೇಪನ ಮತ್ತೆ ಬಂದಿರುವುದನ್ನು ನೋಡಿ ನನಗೆ ಚನ್ನಪಟ್ಟಣ ಕಣ್ಮುಂದೆ ಬಂತು. ಮಿಲಾನ್‌ನಲ್ಲಿ ಕಂಡವು ಕಾರ್ಖಾನೆಯ ರಾಸಾಯನಿಕ ಲೇಪನಗಳು, ಚನ್ನಪಟ್ಟಣದ್ದು ಯಂತ್ರದಲ್ಲಿ ತಿರುಗುವ ಆಲೆ ಮರದ ತುಂಡಿಗೆ ಅರಗನ್ನು ಒತ್ತಿ ಹಿಡಿದು ಹತ್ತಿಸುವ ಕೆಲಸ. ಆದರೂ ಆ ಆಳವಾದ ಹೊಳಪಿಗೆ ಮತ್ತೆ ಬೇಡಿಕೆ ಹುಟ್ಟಿರುವಾಗ ಚನ್ನಪಟ್ಟಣದವರಿಂದ ಆಟಿಕೆಯಷ್ಟೇ ಅಲ್ಲ, ದೀಪದ ಕಂಬವನ್ನೂ ಸ್ಟೂಲಿನ ಕಾಲನ್ನೂ ಮಾಡಿಸಬಾರದೇಕೆ ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

35 ವರ್ಷದೊಳಗಿನ ವಿನ್ಯಾಸಕರಿಗೆಂದು ಮಾರ್ವಾ ಗ್ರಿಫಿನ್ 1998ರಲ್ಲಿ ಆರಂಭಿಸಿದ ಸಲೋನೆ ಸ್ಯಾಟೆಲೈಟ್ ವಿಭಾಗವನ್ನು ತಪ್ಪಿಸಬೇಡಿ. 2025ರಲ್ಲಿ ಅದರ ವಿಷಯ ಹೊಸ ಕಾಲದ ಕರಕುಶಲತೆಯಾಗಿತ್ತು. ದೊಡ್ಡ ಮಳಿಗೆಗಳಲ್ಲಿ ಮಾರಾಟದವರು ಮಾತನಾಡುತ್ತಾರೆ, ಇಲ್ಲಿ ಮಾಡಿದವರೇ ಎದುರಿಗೆ ನಿಂತಿರುತ್ತಾರೆ. ಕುರ್ಚಿಯನ್ನು ತಲೆಕೆಳಗು ಮಾಡಿ ಕೀಲನ್ನು ತೋರಿಸಿ ಎಂದರೆ ಸಂತೋಷದಿಂದ ತೋರಿಸುತ್ತಾರೆ. ಆದರೆ ಇವರ ಮಾದರಿಗಳ ಚಿತ್ರ ತೆಗೆದು ಊರಿನ ಬಡಗಿಯ ಮುಂದೆ ಹಿಡಿದು ಹೀಗೇ ಮಾಡಿಕೊಡು ಎನ್ನುವ ಅಭ್ಯಾಸವನ್ನು ನಾವು ಬಿಡಲೇಬೇಕು. ವರ್ಷಗಟ್ಟಲೆ ದುಡಿದು ಒಂದು ಕೀಲನ್ನು ಕಂಡುಕೊಂಡ ಹುಡುಗಿಯೊಬ್ಬಳು, ಭಾರತದಿಂದ ಬಂದವರು ಚಿತ್ರ ತೆಗೆಯುವಾಗ ತನಗೆ ಭಯವಾಗುತ್ತದೆಂದು ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಕೇಳಿಯೇ ಚಿತ್ರ ತೆಗೆಯಿರಿ, ಸಾಧ್ಯವಾದರೆ ಪುಸ್ತಕದಲ್ಲಿ ಗೆರೆ ಎಳೆದುಕೊಳ್ಳಿ.

ಆರು ದಿನಗಳನ್ನೂ ರೋದಲ್ಲೇ ಕಳೆಯುವುದು ಬೇಡ, ಎರಡನ್ನು ನಗರಕ್ಕೆ ಉಳಿಸಿಕೊಳ್ಳಿ. ಅದೇ ವಾರ ಬ್ರೆರಾ, ತೊರ್ತೋನಾ, ಇಸೋಲಾ ಬಡಾವಣೆಗಳ ಅಂಗಳಗಳಲ್ಲೂ ಹಳೆಯ ಕಟ್ಟಡಗಳಲ್ಲೂ ಫುವೋರಿಸಲೋನೆ ಹೆಸರಿನ ಪ್ರದರ್ಶನಗಳು ನಡೆಯುತ್ತವೆ, ಬಹಳಷ್ಟಕ್ಕೆ ಟಿಕೆಟ್ ಇಲ್ಲ. ಬ್ರೆರಾ ಚಿತ್ರಶಾಲೆಯ ಅಂಗಳದಲ್ಲಿ ಬ್ರಿಟನ್ನಿನ ಕಲಾವಿದೆ ಎಸ್ ಡೆವ್ಲಿನ್ 3,000ಕ್ಕೂ ಹೆಚ್ಚು ಪುಸ್ತಕಗಳನ್ನು ಜೋಡಿಸಿ ನಿಲ್ಲಿಸಿದ್ದ, ನಿಧಾನವಾಗಿ ತಿರುಗುವ ಬೆಳಕಿನ ಗ್ರಂಥಾಲಯವನ್ನು ಮುಸ್ಸಂಜೆಯಲ್ಲಿ ನೋಡಿದೆ. ಸ್ಫೋರ್ಜಾ ಕೋಟೆಯಲ್ಲಿ ಮೈಕೆಲ್ಯಾಂಜೆಲೊ ಪೂರ್ಣಗೊಳಿಸದೆ ಬಿಟ್ಟ ಪಿಯೆತಾ ರೊಂದಾನಿನಿ ಶಿಲ್ಪಕ್ಕೆ ರಂಗನಿರ್ದೇಶಕ ರಾಬರ್ಟ್ ವಿಲ್ಸನ್ ಸಂಗೀತದೊಂದಿಗೆ ಬೆಳಕನ್ನು ಸಂಯೋಜಿಸಿದ್ದರು. ಕತ್ತಲೆಯಿಂದ ಆ ಕಲ್ಲು ಹೊರಬರುವುದನ್ನು ನೋಡುತ್ತಾ, ಬೆಳಕನ್ನು ಎಲ್ಲಿ ಹಾಕಬಾರದೆಂಬುದನ್ನು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲವೆಂದು ಅರಿವಾಯಿತು. ಇಂಥವಕ್ಕೆ ಮುಂಗಡ ಕಾಯ್ದಿರಿಸುವಿಕೆ ವಾರಗಳ ಮೊದಲೇ ತುಂಬಿಹೋಗುತ್ತದೆ.

ಸಸ್ಯಾಹಾರಿಗಳಿಗೆ ಎರಡು ಮಾತು. ಮಿಲಾನ್‌ನ ಹೆಸರಾಂತ ಕೇಸರಿ ರಿಸೊಟ್ಟೊ ಎಂಬ ಅನ್ನದ ಖಾದ್ಯವನ್ನು ಸಾಂಪ್ರದಾಯಿಕವಾಗಿ ಮಾಂಸದ ಸಾರು ಮತ್ತು ಮೂಳೆಯ ಮಜ್ಜೆ ಹಾಕಿ ಮಾಡುತ್ತಾರೆ, ಬಣ್ಣ ನೋಡಿ ಮೋಸಹೋಗಬೇಡಿ. ಪಾರ್ಮಿಜಾನೋ ಚೀಸ್‌ನಲ್ಲಿ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಟೊಮೆಟೊ ಪಾಸ್ತಾ ಮತ್ತು ಫೊಕಾಚಿಯಾ ಎಂಬ ಚಪ್ಪಟೆ ಬ್ರೆಡ್ ಎಲ್ಲೆಡೆ ಸಿಗುತ್ತವೆ, ಜೊತೆಗೆ ಒಂದಿಷ್ಟು ಚಟ್ನಿಪುಡಿ ಒಯ್ದರೆ ವಾರ ಕಳೆಯುವುದು ಕಷ್ಟವಲ್ಲ.

ಕೊನೆಯ ಬೆಳಿಗ್ಗೆಯನ್ನು 2021ರಲ್ಲಿ ತೆರೆದ, ಇಟಲಿಯ ಕೈಗಾರಿಕಾ ವಿನ್ಯಾಸ ಸಂಘವಾದ ಎ.ಡಿ.ಐ.ಯ ವಿನ್ಯಾಸ ವಸ್ತುಸಂಗ್ರಹಾಲಯಕ್ಕೆ ಮೀಸಲಿಟ್ಟಿದ್ದೆ. ಇಟಲಿಯ ವಿನ್ಯಾಸಕರಾದ ಕಾಸ್ತಿಲ್ಯೋನಿ ಸಹೋದರರು 1962ರಲ್ಲಿ ರೂಪಿಸಿದ ಆರ್ಕೊ ದೀಪ ನಿಮಗೂ ಗೊತ್ತಿರಬಹುದು: ಅಮೃತಶಿಲೆಯ ಪೀಠದಿಂದ ಬಿಲ್ಲಿನಂತೆ ಬಾಗಿ, ಚಾವಣಿಯನ್ನು ಕೊರೆಯದೆಯೇ ಊಟದ ಮೇಜಿನ ನಡುವಿಗೆ ಬೆಳಕನ್ನು ತರುವ ದೀಪ. ಅದರ ಭಾರವಾದ ಪೀಠದಲ್ಲಿರುವ ತೂತು ಅಲಂಕಾರಕ್ಕಲ್ಲ, ಪೊರಕೆಯ ಕೋಲು ತೂರಿಸಿ ಇಬ್ಬರು ಹೊತ್ತು ಸರಿಸಲೆಂದು. ಊರಿಗೆ ಮರಳಿದ ಮೇಲೆ ನನ್ನ ಮನೆಯಲ್ಲೇ ಚಾವಣಿಯ ಎಂಟು ಬಲ್ಬುಗಳಲ್ಲಿ ಆರನ್ನು ತೆಗೆಸಿ, ಊಟದ ಮೇಜಿನಿಂದ ಎಪ್ಪತ್ತೈದು ಸೆಂಟಿಮೀಟರ್ ಮೇಲೆ 2700 ಕೆಲ್ವಿನ್‌ನ ಒಂದು ದೀಪವನ್ನು ಇಳಿಬಿಟ್ಟಿದ್ದೇನೆ. ಈಗ ಹೊಸ ಗಿರಾಕಿಗಳನ್ನು ಮೊದಲ ಮಾತುಕತೆಗೆ ಕಚೇರಿಗೆ ಕರೆಯುವ ಬದಲು, ಕತ್ತಲಾದ ಮೇಲೆ ಆ ಮೇಜಿನ ಬಳಿಗೇ ಕರೆಯುತ್ತೇನೆ.