ಮೀನಿನ ವಾಸನೆಯ ಕಿರ್ದಿ

ಹದಿನಾಲ್ಕು ವರ್ಷ ನಾನು ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆದೆ. ಯಾವ ಬೋಟಿಗೆ ಎಷ್ಟು ಬ್ಲಾಕ್ ಐಸ್ ಹೋಯಿತು, ಬೋಟ್ ನಡೆಸುವ ಯಾವ ತಾಂಡೇಲ ಎಷ್ಟು ಉಚಂತಿ (ಮುಂಗಡ) ಒಯ್ದ, ಯಾರದು ಹೋದ ಸೀಸನ್ನಿನ ಬಾಕಿ, ಎಲ್ಲ ನನ್ನ ಕಿರ್ದಿಯಲ್ಲಿ ಇರುತ್ತಿತ್ತು. ಹೋದ ವರ್ಷ ಮಾಲೀಕರು ಪ್ಲಾಂಟ್ ಮಾರಿದರು. ಹೊಸಬರು ಮೊದಲು ಕೇಳಿದ್ದೇ "ಬಿ.ಕಾಂ. ಆಗಿದೆಯಾ?" ಅಂತ. ಎಲ್ಲಿಂದ ಆಗಬೇಕು? 2002ರಲ್ಲಿ ಪಿಯುಸಿ ಪಾಸಾದವಳು ಮತ್ತೆ ಕಾಲೇಜಿನ ಕಡೆ ತಲೆ ಹಾಕಿರಲಿಲ್ಲ.

ಆಗ ಮೀನುಗಾರಿಕೆಗೆ ರಜೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಇನ್ನು ಏನು ಕಲಿಯಲಿ ಅಂತ ಊರೆಲ್ಲ ವಿಚಾರಿಸುತ್ತಾ ತಿರುಗಿದೆ. ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಸಲಹೆ ಕೊಡಲೆಂದೇ ಕೂತಿದ್ದ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಂಟಿ, ನಿಮ್ಮ ವಯಸ್ಸಿಗೆ ಬ್ಯೂಟಿಷಿಯನ್ ಕೋರ್ಸ್ ಆರಾಮ" ಅಂದ. ನನ್ನ ತಲೆಯನ್ನು ಸರಿಯಾಗಿ ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ, ಎಣ್ಣೆ ಹಾಕಿ ಬಾಚಿದರೆ ಅದೇ ದೊಡ್ಡದು! ಹಳಿಯಾಳದ ಆರ್‌ಸೆಟಿಗೆ, ಅಂದರೆ ಬ್ಯಾಂಕಿನವರು ನಡೆಸುವ ತರಬೇತಿ ಕೇಂದ್ರಕ್ಕೆ ಹೋಗು ಅಂದರು ಕೆಲವರು. ಅಲ್ಲಿ ತರಬೇತಿಯ ಜೊತೆ ಊಟ, ವಸತಿ ಕೂಡ ಉಚಿತ, ಒಳ್ಳೆಯದೇ. ಆದರೆ ಅದು ಸ್ವಂತ ಉದ್ಯೋಗ ಮಾಡುವವರಿಗೆ. ನನಗೆ ಅಂಗಡಿ ಬೇಡವಾಗಿತ್ತು. ಲೆಕ್ಕದ ಮೇಜೇ ಬೇಕಿತ್ತು.

ಕೊನೆಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಬಿ.ಕಾಂ. ಅಂತ ಗಟ್ಟಿ ಮಾಡಿದೆ, ಕನ್ನಡದಲ್ಲಿ ಓದಬಹುದಲ್ಲ ಅಂತ. ದೂರಶಿಕ್ಷಣದ ಡಿಗ್ರಿಗೆ ಬೆಲೆ ಇಲ್ಲ ಅಂತ ಭಾವ ಗೊಣಗಿದರು. ಮಾನ್ಯತೆ ಇರುವ ಕೋರ್ಸಾದರೆ ಅದು ಕಾಲೇಜಿನ ಡಿಗ್ರಿಗೆ ಸಮ ಅಂತ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಮಾನ್ಯತೆ ಇದೆಯಾ ಅಂತ ಮಾತ್ರ ಯುಜಿಸಿ ಪಟ್ಟಿಯಲ್ಲಿ ನೀವೇ ನೋಡಿಕೊಳ್ಳಿ.

ಅರ್ಜಿ ತುಂಬುವಾಗ ಸಿಕ್ಕಿಬಿದ್ದೆ. ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮಾ ಆಗುವ ಖಾತೆಯ ನಂಬರು) ಮಾಡಬೇಕು, ಅದನ್ನು ಹಾಕಿ ಡೆಬ್ ಐಡಿ (ದೂರಶಿಕ್ಷಣಕ್ಕೆ ಸೇರುವವರ ಯುಜಿಸಿ ನಂಬರು) ಮಾಡಬೇಕು. ನನ್ನ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಅಪ್ಪನ ಅಡ್ಡಹೆಸರು, ಆಧಾರಿನಲ್ಲಿ ಗಂಡನದ್ದು. ಮದುವೆಯಾದ ಹೆಂಗಸರು ಓದಲು ಹೊರಟರೆ ಮೊದಲ ಪರೀಕ್ಷೆ ಇದೇ, ಅಲ್ವಾ? ಪಕ್ಕದ ಓಣಿಯ ಹುಡುಗಿ ಮೂರು ಸಂಜೆ ಕೂತು ಸರಿ ಮಾಡಿಕೊಟ್ಟಳು. "ಅಕ್ಕಾ, ಒಟಿಪಿ ಬಂತಾ?" ಅಂತ ಅವಳು ಎಷ್ಟು ಸಲ ಕೇಳಿದಳೋ.

ಅವಳೇ ಒಬ್ಬ ಮಾಸ್ತರರ ಮನೆ ತೋರಿಸಿದ್ದು. ಕಾಮರ್ಸ್ ಕಲಿಸಿ ನಿವೃತ್ತರಾದವರು. ಭಾನುವಾರ ಅವರ ಜಗಲಿಯಲ್ಲಿ ನನ್ನಂಥವರು ನಾಲ್ಕೈದು ಜನ ಸೇರುತ್ತೇವೆ. ಮುಂದೆ ಏನಾಗಬೇಕು ಅಂತ ಅವರು ಕೇಳಲೇ ಇಲ್ಲ. "ಐಸ್ ಪ್ಲಾಂಟಿನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಏನು ಮಾಡುತ್ತಿದ್ರಿ, ಒಂದು ದಿನದ್ದು ಪೂರ್ತಿ ಹೇಳಿ" ಅಂದರು. ಹೇಳುತ್ತಾ ಹೋದೆ. ಅವರು ಹಳೆ ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಹೋದರು. ನನ್ನ ಬಾಕಿ ಪಟ್ಟಿ ಅವರ ಹಾಳೆಯಲ್ಲಿ 'ಸಂಡ್ರಿ ಡೆಟರ್ಸ್' ಆಯಿತು. ಪಾಸ್‌ಬುಕ್ಕಿಗೂ ಕಿರ್ದಿಗೂ ತಾಳೆ ನೋಡುತ್ತಿದ್ದದ್ದು 'ಬ್ಯಾಂಕ್ ರಿಕನ್ಸಿಲಿಯೇಷನ್' ಆಯಿತು.

"ಐಸಿಗೆ ಜಿಎಸ್‌ಟಿ ಎಷ್ಟು?"

"5 ಪರ್ಸೆಂಟ್ ಸರ್. ಹಸಿ ಮೀನಿಗೆ ಇಲ್ಲ."

"ಯಾರು ಕಲಿಸಿದರು?"

"ಯಾರೂ ಇಲ್ಲ. 2017ರ ಜುಲೈಯಲ್ಲಿ ಮಾಲೀಕರು ಬೈದರು, ಕಲಿತೆ."

ನಕ್ಕರು. ಅದನ್ನೂ ಬರೆದುಕೊಂಡರು. ನೌಕರಿಗೆ ಅರ್ಜಿ ಹಾಕುವಾಗ 'ಅನುಭವ' ಅನ್ನುವ ಕಡೆ ನಾನು ಸುಮ್ನೆ 'ಗುಮಾಸ್ತೆ' ಅಂತ ಒಂದೇ ಪದ ಬರೆಯುತ್ತಿದ್ದೆ. ಈಗ ಅಲ್ಲಿ ಒಂಬತ್ತು ಸಾಲು ಇದೆ, ಒಂದೂ ಸುಳ್ಳಲ್ಲ.

ಸದ್ಯ ಸಂಜೆ ಹೊತ್ತು ಔಷಧಿ ಅಂಗಡಿಯಲ್ಲಿ ಬಿಲ್ ಹಾಕುತ್ತೇನೆ, ರಾತ್ರಿ ಓದುತ್ತೇನೆ. ಸಂಖ್ಯಾಶಾಸ್ತ್ರ ತಲೆಗೆ ಹತ್ತುತ್ತಿಲ್ಲ. ಒಂಬತ್ತು ಸಾಲಿನ ಅರ್ಜಿ ಎರಡು ಕಡೆ ಕೊಟ್ಟಿದ್ದೇನೆ, ಇನ್ನೂ ಯಾರೂ ಕರೆದಿಲ್ಲ.

ನಾನು ಇಟ್ಟುಕೊಂಡಿದ್ದ ಕಚ್ಚಾ ಕಿರ್ದಿ ಒಂದು ಮನೆಯಲ್ಲಿದೆ. ಈ ಭಾನುವಾರ ಅದನ್ನು ತನ್ನಿ, ಅದರಿಂದಲೇ ಬ್ಯಾಲೆನ್ಸ್ ಶೀಟ್ ಮಾಡೋಣ ಅಂದಿದ್ದಾರೆ ಮಾಸ್ತರು. ಮೀನಿನ ವಾಸನೆ ಹೊಡೆಯುತ್ತದೆ ಸರ್ ಅಂದೆ.

"ತನ್ನಿ ತನ್ನಿ, ನಾನೂ ಕಾರವಾರದವನೇ."