ಜರ್ಮನಿ ತಯಾರಿ, 14ನೇ ತಿಂಗಳು: ಕೇಳಿದ್ದು 75, ಬರೆದದ್ದು 57

ಹೋದ ಭಾನುವಾರ ಟೆಸ್ಟ್‌ಡಾಫ್ ಅನ್ನೋ ಜರ್ಮನ್ ಭಾಷಾ ಪರೀಕ್ಷೆಯ ನಾಲ್ಕನೇ ಮಾಕ್ ಟೆಸ್ಟ್ ಬರೆದೆ. ಓದುವ ಭಾಗ ಸಲೀಸಾಗಿ ಮುಗಿಯಿತು. ಎಡವಿದ್ದು ಕೇಳುವ ಭಾಗದಲ್ಲಿ. ಉಪನ್ಯಾಸದ ನಡುವೆ ‘ಫ್ಯುನ್ಫ್‌ ಉಂಡ್ ಸೀಬ್‌ತ್ಸಿಶ್’ ಅಂತ ಕೇಳಿಸಿತು. ತಕ್ಷಣ 57 ಅಂತ ಗೀಚಿದೆ. ಅದು 75!

ಜರ್ಮನ್‌ನಲ್ಲಿ ಬಿಡಿ ಅಂಕಿ ಮೊದಲು, ಹತ್ತರದ್ದು ಆಮೇಲೆ. ‘ಐದು ಮತ್ತು ಎಪ್ಪತ್ತು’ ಅನ್ನುತ್ತಾರೆ. ನಾವು ಚಿಕ್ಕಂದಿನಿಂದ ಎಪ್ಪತ್ತೈದು ಅಂದುಕೊಂಡೇ ಬೆಳೆದವರು. ಐದು ಕಿವಿಗೆ ಬಿದ್ದ ಕೂಡಲೇ ಪೆನ್ನು ಐದನ್ನೇ ಮೊದಲು ಬರೆದುಬಿಡುತ್ತದೆ. ನಿಂತು ತಿದ್ದುವಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿರುತ್ತವೆ.

ಹೊಸದಾಗಿ ಓದುತ್ತಿರುವವರಿಗೆ: ನಾನು ಮೆಕ್ಯಾನಿಕಲ್ ಬಿಇ ಮುಗಿಸಿ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಜರ್ಮನ್ ಮಾಧ್ಯಮದಲ್ಲೇ ಮಾಸ್ಟರ್ಸ್ ಓದಬೇಕು ಅನ್ನೋದು ಆಸೆ. ನಾನು ನೋಡಿಟ್ಟಿರುವ ಕೋರ್ಸುಗಳಿಗೆ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗದಲ್ಲಿ ಟಿಡಿಎನ್ 4 ಅನ್ನೋ ಮಟ್ಟ ಬೇಕು. ಓದು, ಕೇಳು, ಬರೆ, ಮಾತಾಡು, ಯಾವುದರಲ್ಲೂ 3ಕ್ಕೆ ಇಳಿಯುವ ಹಾಗಿಲ್ಲ. ಅದಕ್ಕೇ ಈ ತಿಂಗಳು ಪೂರ್ತಿ ಭಾಷೆಗೇ ಮೀಸಲಿಟ್ಟೆ.

ಕಾಗದಪತ್ರದ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ನಮ್ಮ ಅಂಕಪಟ್ಟಿ, ಪದವಿ ಅಸಲಿಯೇ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಕೈಗೆ ಬಂತು. 2022ರ ನವೆಂಬರ್‌ನಿಂದ ನಮ್ಮ ದೇಶದ ವಿದ್ಯಾರ್ಥಿಗಳಿಗೆ ವೀಸಾ ಬೇಕಾದರೆ ಇದು ಕಡ್ಡಾಯ. ಶುಲ್ಕ 18,000 ರೂಪಾಯಿ. ತಲೆನೋವಾಗಿದ್ದು ನನ್ನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ ಅಷ್ಟೇ ಇದೆ. ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿದ್ದಾರೆ. ನಮ್ಮ ಕಡೆಯ ತುಂಬಾ ಜನಕ್ಕೆ ಹೀಗೇ ಇರುತ್ತೆ, ಅಲ್ವಾ? ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಜೊತೆಗೆ ಇಟ್ಟೆ. ನೀವು ಈಗಷ್ಟೇ ಶುರು ಮಾಡುತ್ತಿದ್ದರೆ ದಯವಿಟ್ಟು ಇದನ್ನೇ ಮೊದಲು ನೋಡಿಕೊಳ್ಳಿ.

ಅಂಕ ಪರಿವರ್ತನೆಯನ್ನೂ ಒಂದು ಸಲ ಕೈಯಲ್ಲೇ ಮಾಡಿ ನೋಡಿದೆ. ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಪಾಸ್. ಬವೇರಿಯನ್ ಸೂತ್ರ ಅಂತಾರೆ. ಗರಿಷ್ಠ ಅಂಕದಲ್ಲಿ ನಮ್ಮ ಅಂಕ ಕಳೆದು, ಅದನ್ನು ಮೂರರಿಂದ ಗುಣಿಸಬೇಕು. ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಒಂದು ಕೂಡಿಸಬೇಕು. ನನ್ನದು ಹತ್ತಕ್ಕೆ 8.2, ಪಾಸ್ 4. ಲೆಕ್ಕ ಹಾಕಿದರೆ 1.9 ಬರುತ್ತದೆ. ಖುಷಿಯಾಯಿತು.

ಇನ್ನು ದುಡ್ಡು. ಅಲ್ಲಿನ ಖರ್ಚಿನ ದುಡ್ಡನ್ನು ಮೊದಲೇ ಹಾಕಿಟ್ಟು ತಿಂಗಳಿಗಿಷ್ಟು ಅಂತ ತೆಗೆಯುವ ಬ್ಲಾಕ್ಡ್ ಅಕೌಂಟ್‌ಗೆ ಈಗಿನ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹಾಕುವ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30. ಅದಕ್ಕೇ ಪಟ್ಟಿಯನ್ನು ಐದು ಕೋರ್ಸಿಗೆ ಇಳಿಸಿದೆ.

ಮತ್ತೆ ಭಾಷೆಗೆ ಬರುತ್ತೇನೆ. ಕನ್ನಡ ನನ್ನ ಕೈ ಹಿಡಿದ ಜಾಗಗಳೂ ಇವೆ. ‘ವೈಲ್’ ಅಂತ ಕಾರಣ ಹೇಳಲು ಹೊರಟರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷ್ ದಾರಿ ಹಿಡಿದು ಯೋಚಿಸಿದಾಗೆಲ್ಲ ತಪ್ಪುತ್ತಿತ್ತು. ಕನ್ನಡದಲ್ಲಿ ಯೋಚಿಸಿದ ಮೇಲೆ ತಾನಾಗಿ ಬಂತು. ನಮ್ಮ ವಾಕ್ಯ ಮುಗಿಯೋದೇ ಹಾಗೆ ತಾನೇ? ಉದ್ದದ ಪದಗಳಿಗೂ ಈಗ ಹೆದರಿಕೆ ಇಲ್ಲ. ‘ಹೋಖ್‌ಶೂಲ್‌ತ್ಸೂಗಾಂಗ್ಸ್‌ಬೆರೆಷ್ಟಿಗುಂಗ್’ ಅನ್ನೋದನ್ನು ಸಮಾಸ ಬಿಡಿಸುವ ಹಾಗೆ ಬಿಡಿಸಿದೆ. ಉನ್ನತ ಶಿಕ್ಷಣ ಸಂಸ್ಥೆ, ಪ್ರವೇಶ, ಅರ್ಹತೆ. ಅಷ್ಟೇ!

ಮಾತಾಡುವ ಭಾಗ ಇನ್ನೂ ಕಷ್ಟ. ಎದುರಿಗೆ ಯಾರೂ ಇರುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಮಾತಾಡಬೇಕು. ಏಳು ಪ್ರಶ್ನೆ, ಸುಮಾರು 35 ನಿಮಿಷ. ತಲೆಯಾಡಿಸುವವರು ಇಲ್ಲದಿದ್ದರೆ ನನಗೆ ಮಾತು ನಡುವೆಯೇ ನಿಂತುಹೋಗುತ್ತದೆ. ಈಗ ದಿನಾ ರಾತ್ರಿ ಗೋಡೆ ನೋಡಿಕೊಂಡು ಎರಡು ನಿಮಿಷ ಮಾತಾಡಿ ಫೋನ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ.

ಅಂಕಿಗಳಿಗೆ ಬೇರೆ ದಾರಿ ಹುಡುಕಿದೆ. ಮೆಟ್ರೋದಿಂದ ಇಳಿದು ನಡೆಯುವಾಗ ಕಂಡ ಗಾಡಿಗಳ ನಂಬರನ್ನೆಲ್ಲ ಎರಡೆರಡು ಅಂಕಿಯಾಗಿ ಜರ್ಮನ್‌ನಲ್ಲಿ ಹೇಳಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ತಂಗಿ ಫೋನ್‌ನಲ್ಲಿ ಅಂಕಿಗಳನ್ನು ಜರ್ಮನ್ ದನಿಯಲ್ಲಿ ಹಾಕುತ್ತಾಳೆ, ನಾನು ಬರೆಯುತ್ತೇನೆ. ಬಿಡಿ ಅಂಕಿಗೆ ಜಾಗ ಬಿಟ್ಟು, ಹತ್ತರದ್ದು ಬರುವವರೆಗೆ ಪೆನ್ನು ಎತ್ತಿ ಹಿಡಿದಿರುತ್ತೇನೆ.

ನಿನ್ನೆ ಇಪ್ಪತ್ತರಲ್ಲಿ ಹದಿನೇಳು ಸರಿ. ಮುಂದಿನ ಮಾಕ್ ಟೆಸ್ಟ್ ಎರಡು ವಾರ ಬಿಟ್ಟು.